ಮಾಜಿ ಸೈನಿಕರ ಮಕ್ಕಳ ಸ್ಕಾಲರ್‌ಶಿಪ್: ಮೊದಲ ವರ್ಷ ತಪ್ಪಿದ್ರೆ ಪೂರ್ತಿ ಕೋರ್ಸೇ ತಪ್ಪಿದಂಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಜಿಲ್ಲಾ ಪುಟದಲ್ಲಿ ವರ್ಷಕ್ಕೆ ಒಂದೆರಡು ಸಲ ‘ಮಾಜಿ ಸೈನಿಕರ ಮಕ್ಕಳಿಂದ ಶಿಷ್ಯವೇತನಕ್ಕೆ ಅರ್ಜಿ ಆಹ್ವಾನ’ ಅಂತ ಒಂದು ಸಣ್ಣ ಪ್ರಕಟಣೆ ಬರುತ್ತೆ. ಕರೆಂಟ್ ವ್ಯತ್ಯಯ, ಟೆಂಡರ್ ನೋಟಿಸು ಇವುಗಳ ಮಧ್ಯೆ ಎಲ್ಲೋ ಇರುತ್ತೆ, ಎಂಟತ್ತು ಸಾಲು ಅಷ್ಟೆ. ನೋಡಬೇಕಾದವರು ಅದನ್ನ ನೋಡಲ್ಲ, ನೋಡಿದವರಿಗೆ ಇದು ನಮಗೇ ಅಂತ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಕೊನೇ ದಿನಾಂಕ ಮುಗಿದಿರುತ್ತೆ. ನಾನು ಸೈನ್ಯದಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವನು, ಊರಿಗೆ ಬಂದ್ಮೇಲೆ ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಮನೆಗಳ ಅರ್ಜಿ ಕಾಗದ ಅಂತ ಓಡಾಡ್ತಾ ಇರ್ತೀನಿ, ಅದರಲ್ಲಿ ಕಣ್ಣಾರೆ ಕಂಡಿದ್ದನ್ನ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ಮಾತು ಇಷ್ಟೇ. ಸೈನಿಕರ ಮಕ್ಕಳ ಓದಿಗೆ ಸರ್ಕಾರದಲ್ಲಿ ದುಡ್ಡಿದೆ, ಸ್ಕೀಮ್ ಇದೆ, ಕೊಡೋ ಮನಸ್ಸೂ ಇದೆ. ಆದ್ರೆ ಅದನ್ನ ಹುಡುಕ್ಕೊಂಡು ಹೋಗೋ ಕೆಲಸ ಪೂರ್ತಿ ಆ ಮನೆಯವರ ತಲೆ ಮೇಲೇ ಇದೆ. ಯಾವ ಮನೇಲಿ ಯಾವ ಮಗು ಇದೆ, ಅದಕ್ಕೆ ವಯಸ್ಸೆಷ್ಟು ಅನ್ನೋದು ಸರ್ಕಾರದ ಕಂಪ್ಯೂಟರ್‌ನಲ್ಲಿ ಈಗಾಗ್ಲೇ ಇರೋವಾಗ, ಸರ್ಕಾರಾನೇ ಆ ಮನೆಗೆ ತಿಳಿಸಬೇಕು.

ಸಿವಿಲಿಯನ್ ಓದುಗರಿಗೆ ಮೊದಲು ಒಂದು ವಿಷಯ ಹೇಳಬೇಕು. ಸಿಪಾಯಿ ಆಗಿ ಸೇರೋ ಹುಡುಗ 60 ವರ್ಷಕ್ಕೆ ರಿಟೈರ್ ಆಗಲ್ಲ. 18-19ಕ್ಕೆ ಭರ್ತಿ ಆದ್ರೆ 36-40ರ ಒಳಗೆ ಬಹಳಷ್ಟು ಜನ ಮನೆಗೆ ಬಂದುಬಿಡ್ತಾರೆ, ಪ್ರತಿ ವರ್ಷ ದೇಶದಲ್ಲಿ ಸುಮಾರು 60 ಸಾವಿರ ಜನ ಹೀಗೆ ಬರ್ತಾರೆ. ಆಗ ಮಕ್ಕಳು ಎಲ್ಲಿರ್ತಾರೆ? ಆರನೇ ಕ್ಲಾಸು, ಎಂಟನೇ ಕ್ಲಾಸು, ಜಾಸ್ತಿ ಅಂದ್ರೆ ಎಸ್ಸೆಸ್ಸೆಲ್ಸಿ. ಸರ್ವಿಸ್‌ನಲ್ಲಿ ಇರೋವರೆಗೂ ಪರವಾಗಿಲ್ಲ, ಮಕ್ಕಳ ಎಜುಕೇಶನ್ ಅಲವನ್ಸ್ ಅಂತ ಇಬ್ಬರು ಮಕ್ಕಳಿಗೆ ಸಿಗುತ್ತೆ, ಏಳನೇ ವೇತನ ಆಯೋಗದಲ್ಲಿ ಒಂದು ಮಗುವಿಗೆ ತಿಂಗಳಿಗೆ 2,250 ಇತ್ತು, ಡಿಎ 50 ಪರ್ಸೆಂಟ್ ಮುಟ್ಟಿದ್ಮೇಲೆ 2024ರ ಜನವರಿಯಿಂದ 2,812 ಚಿಲ್ಲರೆ ಆಯ್ತು, 12ನೇ ಕ್ಲಾಸ್‌ವರೆಗೂ ಕೊಡ್ತಾರೆ. ಕೇಂದ್ರೀಯ ವಿದ್ಯಾಲಯ, ಆರ್ಮಿ ಪಬ್ಲಿಕ್ ಸ್ಕೂಲ್ ಹತ್ತಿರದಲ್ಲಿ ಇರುತ್ತೆ. ಸೈನ್ಯದಿಂದ ಬಿಡುಗಡೆ ಆದ ದಾಖಲೆ ಅಂದ್ರೆ ಡಿಸ್ಚಾರ್ಜ್ ಬುಕ್ ಕೈಗೆ ಬಂದ ದಿನ ಅಲವನ್ಸ್ ನಿಂತು ಹೋಗುತ್ತೆ, ಸಂಬಳದ ಅರ್ಧ ಪೆನ್ಷನ್ ಆಗುತ್ತೆ, ಮಕ್ಕಳನ್ನ ಊರಿಗೆ ಕರ್ಕೊಂಡು ಬಂದು ಹಿಂದಿ ಮೀಡಿಯಮ್ ವಾತಾವರಣದಿಂದ ಕನ್ನಡಕ್ಕೆ ಹಾಕಬೇಕು, ಅಪ್ಪ ಬೆಂಗಳೂರಲ್ಲಿ ಯಾವುದೋ ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿ ಡ್ಯೂಟಿಗೆ ನಿಲ್ತಾನೆ. ಮಕ್ಕಳ ಓದಿನ ಖರ್ಚು ಏರೋ ಹೊತ್ತಿಗೆ ಸರಿಯಾಗಿ ಮನೆ ಆದಾಯ ಇಳಿಯುತ್ತೆ. ಸ್ಕಾಲರ್‌ಶಿಪ್ ಬೇಕಾಗಿರೋದು ಈ ಗ್ಯಾಪ್‌ಗೆ.

ಈ ಗ್ಯಾಪ್‌ಗೆ ಅಂತಾನೇ ಮುಖ್ಯವಾಗಿ ಎರಡು ಸಹಾಯ ಇದೆ, ಎರಡೂ ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ ಅಂದ್ರೆ ಕೆಎಸ್‌ಬಿ ಮೂಲಕ ಬರೋದು. ಒಂದು ಎಜುಕೇಶನ್ ಗ್ರಾಂಟ್. ಹವಾಲ್ದಾರ್ ರ‍್ಯಾಂಕ್‌ವರೆಗಿನ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ, ಒಂದನೇ ಕ್ಲಾಸಿಂದ ಡಿಗ್ರಿವರೆಗೆ, ಇಬ್ಬರು ಮಕ್ಕಳಿಗೆ. ಬಹಳ ವರ್ಷದಿಂದ ಮಗುವಿಗೆ ತಿಂಗಳಿಗೆ 1,000 ರೂಪಾಯಿ ಇತ್ತು, 2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವರು ಅದನ್ನ 2,000 ಮಾಡಿದ್ರು, ನವೆಂಬರ್ 1ರಿಂದ ಬರೋ ಅರ್ಜಿಗಳಿಗೆ ಹೊಸ ರೇಟು. ಇದು ನಿಜವಾಗ್ಲೂ ಒಳ್ಳೇ ಕೆಲಸ, ಮನಸಾರೆ ಹೇಳ್ತೀನಿ. ಆದ್ರೆ ನಮ್ಮ ಹೋಬಳಿಯಲ್ಲಿ ನಾನು ಮಾತಾಡಿಸಿದ ಎಷ್ಟೋ ಮನೆಗಳಿಗೆ 2,000 ಆಗಿದ್ದು ಹಾಗಿರ್ಲಿ, ಹಿಂದೆ 1,000 ಇತ್ತು ಅನ್ನೋದೇ ಗೊತ್ತಿಲ್ಲ!! ಒಂದು ಸಲ ಅರ್ಜಿ ಹಾಕಿದ್ರೆ ಮುಗೀತು ಅಂತ ಕೂತಿರೋರೂ ಇದಾರೆ, ಅದು ಪ್ರತಿ ವರ್ಷ ಮಗು ಪಾಸಾದ್ಮೇಲೆ ಮಾರ್ಕ್ಸ್ ಕಾರ್ಡ್ ಇಟ್ಟು ಹಾಕಬೇಕಾದ ಅರ್ಜಿ.

ಇನ್ನೊಂದು ಪ್ರಧಾನ ಮಂತ್ರಿ ಸ್ಕಾಲರ್‌ಶಿಪ್, ನಮ್ಮವರು ಪಿಎಂಎಸ್‌ಎಸ್ ಅಂತಾರೆ. 2006-07ರಲ್ಲಿ ಶುರುವಾಗಿದ್ದು. ಬಿಇ, ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಬಿಎಡ್, ಬಿಸಿಎ, ಬಿಬಿಎ ತರದ ಪ್ರೊಫೆಷನಲ್ ಕೋರ್ಸ್ ಓದೋ ಮಕ್ಕಳಿಗೆ. 2019ರಲ್ಲಿ ಹೊಸ ಸರ್ಕಾರದ ಮೊದಲ ನಿರ್ಧಾರವಾಗಿ ಇದನ್ನ ತಿಂಗಳಿಗೆ ಹುಡುಗರಿಗೆ 2,000ದಿಂದ 2,500ಕ್ಕೆ, ಹುಡುಗೀರಿಗೆ 2,250ರಿಂದ 3,000ಕ್ಕೆ ಏರಿಸಿದ್ರು. ವರ್ಷಕ್ಕೆ ಇಡೀ ದೇಶಕ್ಕೆ 5,500 ಜನಕ್ಕೆ, ಅರ್ಧ ಹುಡುಗರು ಅರ್ಧ ಹುಡುಗೀರು. ಪಿಯುಸಿಯಲ್ಲಿ ಕನಿಷ್ಠ 60 ಪರ್ಸೆಂಟ್ ಬೇಕು, ಯುದ್ಧದಲ್ಲಿ ಮಡಿದವರ ಮಕ್ಕಳು, ಗಾಯಗೊಂಡವರ ಮಕ್ಕಳು, ಶೌರ್ಯ ಪದಕದವರ ಮಕ್ಕಳು ಹೀಗೆ ಮೊದಲು ಅವರಿಗೆ, ಆಮೇಲೆ ನಮ್ಮಂಥ ಸಾಮಾನ್ಯ ಮಾಜಿ ಸೈನಿಕರ ಮಕ್ಕಳಿಗೆ ಮೆರಿಟ್ ಮೇಲೆ. ತಿಂಗಳ ಲೆಕ್ಕ ಆದ್ರೂ ದುಡ್ಡು ಬರೋದು ವರ್ಷದ್ದು ಒಟ್ಟಿಗೇ, ಮಗುವಿನ ಸ್ವಂತ ಅಕೌಂಟ್‌ಗೆ. ಹುಡುಗಿಗೆ ವರ್ಷಕ್ಕೆ 36,000 ಅಂದ್ರೆ ನಾಲ್ಕು ವರ್ಷದ ಕೋರ್ಸಿಗೆ 1,44,000. ಸೆಕ್ಯೂರಿಟಿ ಕೆಲಸ ಮಾಡೋ ಅಪ್ಪನಿಗೆ ಇದು ಸಣ್ಣ ದುಡ್ಡಲ್ಲ.

ಇದರಲ್ಲಿ ಒಂದು ರೂಲ್ ಇದೆ, ಮನೆಗಳನ್ನ ಹಾಳು ಮಾಡ್ತಿರೋದು ಅದೇ. ಅರ್ಜಿಯನ್ನ ಕೋರ್ಸಿನ ಮೊದಲ ವರ್ಷದಲ್ಲೇ ಹಾಕಬೇಕು. ಎರಡನೇ ವರ್ಷಕ್ಕೆ ಬಂದ ಮಗು ಹೊಸದಾಗಿ ಹಾಕೋ ಹಂಗಿಲ್ಲ. ಸಿಕ್ಕಿದವರು ಪ್ರತಿ ವರ್ಷ 50 ಪರ್ಸೆಂಟ್ ತಗೊಂಡು ರಿನ್ಯೂ ಮಾಡಿಸ್ಕೊಳ್ತಾ ಹೋಗಬಹುದು, ಆದ್ರೆ ಮೊದಲ ಬಾಗಿಲು ತೆರೆಯೋದು ಒಂದೇ ಸಲ.

ನಮ್ಮ ಪಕ್ಕದ ಊರಿನ ಒಬ್ಬ ನಾಯಕ್ ರ‍್ಯಾಂಕಿನವನು, ನನ್ನ ಜೊತೆಯವನಲ್ಲ ಬೇರೆ ರೆಜಿಮೆಂಟು, 17 ವರ್ಷ ಸರ್ವಿಸ್ ಮಾಡಿ ಬಂದವನು. ಮಗಳು ಪಿಯುಸಿಯಲ್ಲಿ 90ರ ಹತ್ತಿರ ತೆಗೆದು ಸಿಇಟಿಯಲ್ಲಿ ಬಿಇ ಸೀಟ್ ತಗೊಂಡ್ಲು. ಅಪ್ಪ ಫೀಸಿಗೆ ಅಂತ ಸೊಸೈಟಿಯಲ್ಲಿ ಸಾಲ ತೆಗೆದ. ಆ ಹುಡುಗಿಗೆ ಈ ಸ್ಕಾಲರ್‌ಶಿಪ್ ಬಗ್ಗೆ ಗೊತ್ತಾಗಿದ್ದು ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಕಡೆಯಿಂದ, ಅವಳಪ್ಪ ಏರ್‌ಫೋರ್ಸ್‌ನಲ್ಲಿ ಇದ್ದವರು. ಆಗ ಇವಳು ಮೂರನೇ ಸೆಮಿಸ್ಟರ್. ನನ್ನ ಹತ್ತಿರ ಬಂದು ಮಾರ್ಕ್ಸ್ ಕಾರ್ಡು, ಅಪ್ಪನ ಪೆನ್ಷನ್ ಆದೇಶದ ಕಾಗದ ಪಿಪಿಒ, ಡಿಸ್ಚಾರ್ಜ್ ಬುಕ್ಕು ಎಲ್ಲಾ ಪ್ಲಾಸ್ಟಿಕ್ ಕವರ್‌ನಲ್ಲಿ ನೀಟಾಗಿ ಜೋಡಿಸ್ಕೊಂಡು ಟೇಬಲ್ ಮೇಲಿಟ್ಲು, ಅಂಕಲ್ ಎಲ್ಲಾ ಇದೆ ನೋಡಿ ಏನೂ ಮಿಸ್ ಆಗಿಲ್ಲ ಅಂದ್ಲು. ಎಲ್ಲಾ ಇತ್ತು, ಮೊದಲ ವರ್ಷ ಒಂದು ಇರ್ಲಿಲ್ಲ. ಆ ಮಗು ಯಾವ ತಪ್ಪೂ ಮಾಡಿಲ್ಲ, ಅವಳ ಅಪ್ಪನೂ ಮಾಡಿಲ್ಲ. ಸೈನ್ಯದಿಂದ ಬಂದ ದಿನದಿಂದ ಅವತ್ತಿನವರೆಗೂ ಆ ಮನೆಗೆ ಇದರ ಬಗ್ಗೆ ಒಂದು ಫೋನ್ ಇಲ್ಲ, ಒಂದು ಮೆಸೇಜ್ ಇಲ್ಲ, ಒಂದು ಕಾಗದ ಇಲ್ಲ.

ಜಿಲ್ಲಾ ಸೈನಿಕ ಕಲ್ಯಾಣ ಆಫೀಸಿನವರನ್ನ ಬೈಯ್ಯೋಕೆ ನಾನು ಬರೀತಿಲ್ಲ. ಅಲ್ಲಿ ಇರೋ ಸಿಬ್ಬಂದಿ ಕೈಬೆರಳಲ್ಲಿ ಎಣಿಸೋ ಅಷ್ಟು, ಅವರಲ್ಲೂ ಬಹಳ ಜನ ನಮ್ಮಂಗೇ ಯೂನಿಫಾರ್ಮ್ ಹಾಕಿದ್ದವರು. ಎಲ್ಲಾ ಜಿಲ್ಲೆಯಲ್ಲೂ ಈ ಆಫೀಸ್ ಇಲ್ಲ, ಕೆಲವು ಕಡೆ ಎರಡು ಮೂರು ಜಿಲ್ಲೆಗೆ ಸೇರಿ ಒಂದು. ಪಿಎಂಎಸ್‌ಎಸ್‌ಗೆ ಆನ್‌ಲೈನ್‌ನಲ್ಲಿ ಹಾಕಿದ್ಮೇಲೆ ಒರಿಜಿನಲ್ ಕಾಗದ ಎಲ್ಲಾ ತಗೊಂಡು ಆ ಆಫೀಸಿಗೆ ಹೋಗಿ ತೋರಿಸಬೇಕು, ಅಲ್ಲಿಂದ ಬೆಂಗಳೂರು, ಅಲ್ಲಿಂದ ದೆಹಲಿ. ಘಟ್ಟದ ಮೇಲಿನ ಹಳ್ಳಿಯಿಂದ ಪಕ್ಕದ ಜಿಲ್ಲೆಯ ಊರಿಗೆ ಒಂದು ಸಹಿಗೋಸ್ಕರ ಬಸ್ ಹತ್ತೋ ವಿಧವೆ ತಾಯಂದಿರನ್ನ ನೋಡಿದೀನಿ, ಕಾಲೇಜಿನ ಬೋನಾಫೈಡ್ ಸರ್ಟಿಫಿಕೇಟ್‌ನಲ್ಲಿ ಸೀಲ್ ಸರಿಯಾಗಿ ಬಿದ್ದಿಲ್ಲ ಅಂತ ಮತ್ತೆ ವಾಪಸ್ ಹೋಗ್ತಾರೆ. ಕೆಎಸ್‌ಬಿ ವೆಬ್‌ಸೈಟ್ ಇರೋದು ಇಂಗ್ಲಿಷ್ ಹಿಂದಿಯಲ್ಲಿ, ಮನೇಲಿ ಅದನ್ನ ಓದಿ ಅರ್ಥ ಮಾಡ್ಕೊಳ್ಳೋದು ಆ 17-18 ವರ್ಷದ ಮಗು ಒಂದೇ.

ಇನ್ನು ಹೆಸರಿನ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕರ್ನಾಟಕದ ಮಕ್ಕಳಿಗೆ ಇದು ಬಹಳ ಕಾಡುತ್ತೆ. ಮಗು ಹುಟ್ಟಿದಾಗ ಅಪ್ಪ ಯೂನಿಟ್‌ನಲ್ಲಿ ಹೇಳ್ತಾನೆ, ಅಲ್ಲಿ ಕ್ಲರ್ಕ್ ಪಾರ್ಟ್ ಟೂ ಆರ್ಡರ್ ಹೊರಡಿಸ್ತಾನೆ, ಆ ಹೆಸರು ಆ ಜನ್ಮದಿನ ಸರ್ವಿಸ್ ರೆಕಾರ್ಡ್‌ಗೆ ಹೋಗಿ ಡಿಸ್ಚಾರ್ಜ್ ಬುಕ್‌ನಲ್ಲಿ ಅಚ್ಚಾಗುತ್ತೆ. ಕ್ಲರ್ಕ್ ಉತ್ತರದ ಕಡೆಯವನಾದ್ರೆ ಹೆಣ್ಣು ಮಗುವಿನ ಹೆಸರಿನ ಜೊತೆ ಕುಮಾರಿ ಸೇರಿಸಿರ್ತಾನೆ, ನಮ್ಮ ಇನಿಷಿಯಲ್ ಅಂದ್ರೆ ಅವರಿಗೆ ಗೊತ್ತಾಗಲ್ಲ ಹಂಗಾಗಿ ಅದು ಇರೋದೇ ಇಲ್ಲ. ಇಲ್ಲಿ ಊರಿನ ಸ್ಕೂಲಲ್ಲಿ ಅದೇ ಮಗು ಊರಿನ ಮೊದಲಕ್ಷರ ಅಪ್ಪನ ಮೊದಲಕ್ಷರ ಎರಡೂ ಸೇರಿಸ್ಕೊಂಡು ಎಸ್ಸೆಸ್ಸೆಲ್ಸಿ ಬರೆದಿರುತ್ತೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಮುಂದೆ, ಬ್ಯಾಂಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದೇ ಹುಡುಗಿ, ನಾಲ್ಕು ಕಾಗದ, ನಾಲ್ಕು ಹೆಸರು. ಸರಿ ಮಾಡಿಸಬೇಕು ಅಂದ್ರೆ ಅಪ್ಪನ ರೆಕಾರ್ಡ್ ಆಫೀಸ್‌ಗೆ ಬರೀಬೇಕು, ಎಂಇಜಿ ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪಿನವನಾದ್ರೆ ಬೆಂಗಳೂರಲ್ಲೇ, ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿಯಲ್ಲಿ, ಅದು ನಮ್ಮ ಪುಣ್ಯ, ಸಿಗ್ನಲ್ಸ್ ಆದ್ರೆ ಜಬಲ್‌ಪುರ, ಆರ್ಟಿಲರಿ ಆದ್ರೆ ನಾಸಿಕ್. ಅಫಿಡವಿಟ್ಟು, ಬರ್ತ್ ಸರ್ಟಿಫಿಕೇಟು, ಪತ್ರ ವ್ಯವಹಾರ ಅಂತ ತಿಂಗಳುಗಟ್ಟಲೆ ಹೋಗುತ್ತೆ, ಅಷ್ಟರಲ್ಲಿ ಆ ಮೊದಲ ವರ್ಷದ ಬಾಗಿಲು ಹಾಕಿರುತ್ತೆ. ಪಿಯುಸಿ ರಿಸಲ್ಟ್ ಬಂದ್ಮೇಲೆ ಇದನ್ನ ಶುರು ಮಾಡಿದ್ರೆ ಆಗೋ ಕೆಲಸಾನೇ ಅಲ್ಲ. ಮಗು ಒಂಬತ್ತನೇ ಕ್ಲಾಸಲ್ಲಿ ಇರೋವಾಗ, ಎಸ್ಸೆಸ್ಸೆಲ್ಸಿಗೆ ಹೆಸರು ಹೋಗೋ ಮೊದಲೇ, ಅಪ್ಪ ಡಿಸ್ಚಾರ್ಜ್ ಬುಕ್ ಪಕ್ಕದಲ್ಲಿ ಇಟ್ಕೊಂಡು ಹೊಂದಿಸಿ ನೋಡಬೇಕು. ಇದನ್ನ ಯಾರಾದ್ರೂ ಮುಂಚೆ ಹೇಳಬೇಕಲ್ವಾ? ಹೇಳೋರು ಯಾರು?

ವೀರ ನಾರಿಯರು ಅಂದ್ರೆ ಮಡಿದ ಯೋಧರ ಹೆಂಡತಿಯರು, ಅವರ ಮನೆಗಳ ಕಥೆ ಇನ್ನೂ ಸೂಕ್ಷ್ಮ. 1971ರ ಯುದ್ಧ ಮುಗಿದ ಎರಡೇ ದಿನಕ್ಕೆ, ಡಿಸೆಂಬರ್ 18ರಂದು, ಲೋಕಸಭೆಯಲ್ಲಿ ಘೋಷಣೆ ಆಯ್ತು, ಮಡಿದ, ಕಾಣೆಯಾದ, ಅಂಗವಿಕಲರಾದ ಯೋಧರ ಮಕ್ಕಳ ಓದಿನ ಖರ್ಚು ಸರ್ಕಾರದ್ದು ಅಂತ. ಟ್ಯೂಷನ್ ಫೀಸು, ಹಾಸ್ಟೆಲ್ಲು, ಸ್ಕೂಲ್ ಬಸ್ಸು, ಪುಸ್ತಕ, ಯೂನಿಫಾರ್ಮು. 2017ರಲ್ಲಿ ಇದ್ದಕ್ಕಿದ್ದಂತೆ ಫೀಸು ಹಾಸ್ಟೆಲ್ ಸೇರಿ ತಿಂಗಳಿಗೆ 10,000ಕ್ಕೆ ಮಿತಿ ಹಾಕಿದ್ರು, ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರೇ ರಕ್ಷಣಾ ಸಚಿವರಿಗೆ ಪತ್ರ ಬರೆದ್ರು, ದೇಶದಲ್ಲೆಲ್ಲಾ ಜನ ಮಾತಾಡಿದ್ರು, 2018ರ ಮಾರ್ಚ್‌ನಲ್ಲಿ ಆ ಮಿತಿ ತೆಗೆದ್ರು. ಅವತ್ತು ಅದು ಸುದ್ದಿ ಆಗಿದ್ದಕ್ಕೆ ಸರಿ ಹೋಯ್ತು. ಆದ್ರೆ ಸುದ್ದಿ ಆಗದೇ ಇರೋದು ಏನು ಅಂದ್ರೆ, ಗಂಡ ತೀರಿಕೊಂಡಾಗ 24-25 ವರ್ಷದ ಆ ಹೆಣ್ಣುಮಗಳಿಗೆ ಮೊದಲ ತಿಂಗಳು ಬರೋ ಜನಸಾಗರ ಆಮೇಲೆ ಇರಲ್ಲ. ಮಂತ್ರಿಗಳು ಬರ್ತಾರೆ, ಹೂವಿನ ಹಾರ, ಸೆಲ್ಯೂಟು, ವೃತ್ತಕ್ಕೆ ಹೆಸರು ಎಲ್ಲಾ ಆಗುತ್ತೆ. ಮಗು ಎಲ್‌ಕೆಜಿಗೆ ಸೇರೋ ದಿನ ಯಾವ ಫಾರ್ಮ್ ತುಂಬಬೇಕು ಅಂತ ಕೇಳೋಕೆ ಅವಳಿಗೆ ಒಂದು ನಂಬರ್ ಬೇಕು. ಎಷ್ಟೋ ಮನೇಲಿ ಹೊರಗಿನ ವ್ಯವಹಾರ ಎಲ್ಲಾ ಮಾವನ ಕೈಲೋ ಮೈದುನನ ಕೈಲೋ ಇರುತ್ತೆ, ಅವರಿಗೆ ಬೇಸಾಯದ ಗಡಿಬಿಡಿ. ಆ ತಾಯಿ ತಾನೇ ಓದ್ತೀನಿ ಅಂದ್ರೂ ಅವಕಾಶ ಇದೆ, ಪಿಎಂಎಸ್‌ಎಸ್ ವಿಧವೆಯರಿಗೂ ಇದೆ, ಎಜುಕೇಶನ್ ಗ್ರಾಂಟ್‌ನಲ್ಲಿ ಎರಡು ವರ್ಷದ ಪಿಜಿ ಕೋರ್ಸಿಗೂ ಕೊಡ್ತಾರೆ. ಇದನ್ನ ಅವಳ ಎದುರು ಕೂತು ಕನ್ನಡದಲ್ಲಿ ಹೇಳಿದವರು ಯಾರಾದ್ರೂ ಇದಾರಾ ಅನ್ನೋದೇ ನನ್ನ ಪ್ರಶ್ನೆ.

ಮಧ್ಯದಲ್ಲಿ ಇನ್ನೊಂದು, ಬಹಳ ಜನ ಕನ್‌ಫ್ಯೂಸ್ ಆಗ್ತಾರೆ. ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್‌ನವರು ಗೃಹ ಸಚಿವಾಲಯದ ಕೆಳಗೆ ಬರ್ತಾರೆ, ಅವರ ಮಕ್ಕಳಿಗೂ ಇದೇ ಹೆಸರಿನ ಪ್ರಧಾನ ಮಂತ್ರಿ ಸ್ಕಾಲರ್‌ಶಿಪ್ ಇದೆ, ಅದೇ 2,500 ಮತ್ತು 3,000, ಆದ್ರೆ ಅದು ಬೇರೆ ಕೋಟಾ, ವರ್ಷಕ್ಕೆ 2,000 ಜನಕ್ಕೆ, ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಭಯೋತ್ಪಾದಕರ, ನಕ್ಸಲರ ದಾಳಿಯಲ್ಲಿ ಮಡಿದ ರಾಜ್ಯ ಪೊಲೀಸರ ಮಕ್ಕಳಿಗೂ 2019ರಿಂದ 500 ಸೇರಿಸಿದಾರೆ. ಕೆಎಸ್‌ಬಿ ಸೈಟಲ್ಲಿ ಹುಡುಕಿ ನಮ್ಮದು ಇಲ್ಲ ಅಂತ ಸುಮ್ಮನಾದ ಬಿಎಸ್‌ಎಫ್ ಕುಟುಂಬಗಳನ್ನ ನಾನೇ ನೋಡಿದೀನಿ.

ಶಾಲೆಗಳ ವಿಷಯ ಜಾಸ್ತಿ ಹೇಳಲ್ಲ. ವಿಜಯಪುರದ ಸೈನಿಕ ಶಾಲೆ 1963ರದ್ದು, ಕೊಡಗಿನ ಕೂಡಿಗೆಯದ್ದು 2007ರದ್ದು, ಎರಡರಲ್ಲೂ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ 25 ಪರ್ಸೆಂಟ್ ಮೀಸಲಾತಿ ಇದೆ, ಈಗ ಹೆಣ್ಮಕ್ಕಳಿಗೂ ಆರನೇ ಕ್ಲಾಸಿಗೆ ಸೀಟ್ ಇದೆ. ಬೆಳಗಾವಿ ಮತ್ತು ಬೆಂಗಳೂರಲ್ಲಿ ರಾಷ್ಟ್ರೀಯ ಮಿಲಿಟರಿ ಸ್ಕೂಲ್ ಇದಾವೆ. ಕೇಂದ್ರೀಯ ವಿದ್ಯಾಲಯದಲ್ಲಿ ಮಾಜಿ ಸೈನಿಕರ ಮಕ್ಕಳು ಮೊದಲ ಕೆಟಗರಿಯಲ್ಲೇ ಬರ್ತಾರೆ. ಸಿಇಟಿಯಲ್ಲಿ ಡಿಫೆನ್ಸ್, ಎಕ್ಸ್ ಡಿಫೆನ್ಸ್ ಅಂತ ವಿಶೇಷ ಕೆಟಗರಿ ಇದೆ, ಅರ್ಜಿ ತುಂಬೋವಾಗ್ಲೇ ಅದನ್ನ ಹಾಕಬೇಕು. ಇವೆಲ್ಲಾ ಇಂಗ್ಲಿಷ್ ಬರೋ, ಬೆಂಗಳೂರಲ್ಲಿ ನೆಲೆಸಿದ ಕುಟುಂಬಗಳಿಗೆ ಚೆನ್ನಾಗಿ ಗೊತ್ತು. ಅರಕಲಗೂಡು, ಸೋಮವಾರಪೇಟೆ, ಕುಂದಗೋಳ ಕಡೆಯ ಹಳ್ಳಿ ಮನೆಗೆ ಗೊತ್ತಾಗಬೇಕಲ್ಲ.

ರಿಟೈರ್ ಆದ ಸೈನಿಕನ ಸ್ವಂತ ಓದಿನ ಬಗ್ಗೆಯೂ ಒಂದು ಮಾತು. ಹತ್ತನೇ ಕ್ಲಾಸ್ ಪಾಸಾಗಿ 15 ವರ್ಷ ಸರ್ವಿಸ್ ಮಾಡಿದವನನ್ನ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಡಿಗ್ರಿಗೆ ಸಮ ಅಂತ ಪರಿಗಣಿಸ್ತಾರೆ, ಆದ್ರೆ ಆ ಕಾಗದ ಹಿಡ್ಕೊಂಡು ಪ್ರೈವೇಟ್ ಕಂಪನಿಗೆ ಹೋದ್ರೆ ಕೇಳೋರಿಲ್ಲ, ಅದು ಡಿಗ್ರಿ ಅಲ್ಲ. ಈಗ ಅಗ್ನಿವೀರರ ಸರದಿ. 2022ರ ಜೂನ್‌ನಲ್ಲಿ ಘೋಷಣೆ ಆದ ಸ್ಕೀಮ್ ಅದು, ಮೊದಲ ಬ್ಯಾಚಿನವರ ನಾಲ್ಕು ವರ್ಷ 2026ರ ಕೊನೆ, 2027ರ ಶುರುವಿನಲ್ಲಿ ಮುಗಿಯುತ್ತೆ. ನೂರಕ್ಕೆ 25 ಜನ ಉಳೀತಾರೆ, ಮಿಕ್ಕವರು ಸುಮಾರು 11.71 ಲಕ್ಷ ಸೇವಾನಿಧಿ ಅಂದ್ರೆ ಒಟ್ಟಿಗೆ ಕೊಡೋ ದುಡ್ಡು ತಗೊಂಡು ಬರ್ತಾರೆ, ಅವರಿಗೆ ಮಾಜಿ ಸೈನಿಕ ಅನ್ನೋ ಸ್ಥಾನ ಇಲ್ಲ, ಅಂದ್ರೆ ನಾನು ಮೇಲೆ ಹೇಳಿದ ಸ್ಕಾಲರ್‌ಶಿಪ್ ಯಾವುದೂ ಮುಂದೆ ಅವರ ಮಕ್ಕಳಿಗೆ ಇಲ್ಲ. ಇದು ನನಗೆ ಸರಿ ಅನ್ನಿಸಲ್ಲ, ಗಡಿಯಲ್ಲಿ ನಿಂತವನು ನಾಲ್ಕು ವರ್ಷ ನಿಂತ್ರೂ ನಿಂತವನೇ. ಅವರಿಗೆ ಅಂತ ಇರೋದು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಮೂರು ವರ್ಷದ ಸ್ಪೆಷಲ್ ಡಿಗ್ರಿ, ಸರ್ವಿಸ್‌ನಲ್ಲಿ ಪಡೆದ ತರಬೇತಿಗೆ ಅರ್ಧ ಕ್ರೆಡಿಟ್ ಕೊಡ್ತಾರೆ, ಮಿಕ್ಕ ಅರ್ಧ ಓದಬೇಕು. ಹತ್ತನೇ ಕ್ಲಾಸ್ ಮೇಲೆ ಸೇರಿದವರಿಗೆ ಎನ್‌ಐಒಎಸ್ ಅನ್ನೋ ರಾಷ್ಟ್ರೀಯ ಮುಕ್ತ ಶಾಲೆ ಮೂಲಕ 12ನೇ ಕ್ಲಾಸ್ ದಾರಿ ಇದೆ. 22-23 ವರ್ಷದ ಹುಡುಗ ಊರಿಗೆ ಬಂದಾಗ ಆ 11 ಲಕ್ಷ ಬೈಕು, ಮನೆ ರಿಪೇರಿ, ತಂಗಿ ಮದುವೆಗೆ ಕರಗಿ ಹೋಗೋ ಮೊದಲು ಅವನಿಗೆ ಈ ಡಿಗ್ರಿ ಪೂರ್ತಿ ಮಾಡು ಅಂತ ಹೇಳೋರು ಬೇಕು.

ಹಾಗಾದ್ರೆ ಏನು ಮಾಡಬೇಕು ಅಂತೀರಾ. ಹೊಸ ಸ್ಕೀಮ್ ಏನೂ ಬೇಡ. ನಮ್ಮ ಪೆನ್ಷನ್ ಎಲ್ಲಾ ಈಗ ಸ್ಪರ್ಶ್ ಪೋರ್ಟಲ್‌ಗೆ ಬಂದಿದೆ, ಅದರಲ್ಲಿ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ, ನಮ್ಮ ಮೊಬೈಲ್ ನಂಬರ್ ಎಲ್ಲಾ ತುಂಬಿಸ್ಕೊಂಡಿದಾರೆ, ವೆರಿಫಿಕೇಶನ್‌ಗೆ ಅಂತ ನಮ್ಮನ್ನ ಸೈಬರ್ ಸೆಂಟರ್‌ಗೆ ಓಡಾಡಿಸಿದ್ದೂ ಇದೆ. ಆ ಮಾಹಿತಿ ಇಟ್ಕೊಂಡು ಮಗುವಿಗೆ 14 ತುಂಬಿದಾಗ ‘ಹೆಸರು, ಜನ್ಮದಿನಾಂಕ ಸರಿ ಇದೆಯಾ ನೋಡ್ಕೊಳ್ಳಿ’ ಅಂತ ಒಂದು ಮೆಸೇಜು, 17 ತುಂಬಿದಾಗ ‘ಪ್ರೊಫೆಷನಲ್ ಕೋರ್ಸ್ ಸೇರಿದ್ರೆ ಮೊದಲ ವರ್ಷದಲ್ಲೇ ಅರ್ಜಿ ಹಾಕಿ’ ಅಂತ ಇನ್ನೊಂದು ಮೆಸೇಜು, ಕನ್ನಡದಲ್ಲಿ. ಬ್ಯಾಂಕಿನವರು ಲೋನ್ ಬೇಕಾ ಅಂತ ದಿನಾ ಕಳಿಸ್ತಾರೆ, ಇದನ್ನ ಕಳಿಸೋಕೆ ಆಗಲ್ವಾ? ಇನ್ನು ನವೆಂಬರ್‌ನಲ್ಲಿ ಸಾಮಾನ್ಯವಾಗಿ ನಾವೆಲ್ಲಾ ಲೈಫ್ ಸರ್ಟಿಫಿಕೇಟ್ ಕೊಡೋಕೆ ಹೆಬ್ಬೆಟ್ಟು ಒತ್ತಕ್ಕೆ ಹೋಗೇ ಹೋಗ್ತೀವಿ, ಅದೇ ಕೌಂಟರ್‌ನಲ್ಲಿ ಮಕ್ಕಳು ಏನು ಓದ್ತಿದಾರೆ ಅಂತ ಒಂದು ಪ್ರಶ್ನೆ ಕೇಳಿ ಒಂದು ಚೀಟಿ ಕೈಗೆ ಕೊಟ್ರೆ ಅರ್ಧ ಕೆಲಸ ಆಯ್ತು.

ರಾಜ್ಯ ಸರ್ಕಾರದ ಕೈಲಿ ಇರೋದೂ ಇದೆ. ಸಿಇಟಿ ಮೂಲಕ ಸೇರೋ ಪ್ರತಿ ಮಗುವಿನ ಅಡ್ಮಿಷನ್ ಫಾರ್ಮ್‌ನಲ್ಲಿ ಅಪ್ಪ ಅಮ್ಮ ಮಾಜಿ ಸೈನಿಕರಾ ಅಂತ ಒಂದು ಕಾಲಮ್ ಇಟ್ಟು, ಹೌದು ಅಂದವರ ಪಟ್ಟಿಯನ್ನ ಕಾಲೇಜಿನವರು ಸೈನಿಕ ಕಲ್ಯಾಣ ಇಲಾಖೆಗೆ ಕಳಿಸಲಿ, ಬೋನಾಫೈಡ್ ಸರ್ಟಿಫಿಕೇಟನ್ನ ಆ ವಾರಾನೇ ಕೊಡಲಿ. ಇಲಾಖೆಯ ಆಫೀಸ್ ಇಲ್ಲದ ಜಿಲ್ಲೆಗಳಲ್ಲಿ ತಾಲ್ಲೂಕು ಕಚೇರಿಯಲ್ಲಿ ತಿಂಗಳಿಗೊಂದು ದಿನ ಅಧಿಕಾರಿ ಬಂದು ಕೂರಲಿ, ಒರಿಜಿನಲ್ ನೋಡಿ ಅಲ್ಲೇ ಸಹಿ ಹಾಕಲಿ. ವೀರ ನಾರಿಯರನ್ನ ಮಾತ್ರ ಆಫೀಸಿಗೆ ಕರೆಸಬಾರದು, ಅಧಿಕಾರಿಯೇ ಅವರ ಮನೆಗೆ ಹೋಗಬೇಕು.

5,500 ಅನ್ನೋ ಸಂಖ್ಯೆ ಬಗ್ಗೆಯೂ ನಮ್ಮ ಸಂಸದರು ಲೋಕಸಭೆಯಲ್ಲಿ ಮಾತಾಡಲಿ, ವರ್ಷಕ್ಕೆ 60 ಸಾವಿರ ಜನ ರಿಟೈರ್ ಆಗೋ ಕಡೆ ಅದು ಸಾಲದು. ಬಿಎ, ಬಿಕಾಂ, ಮಾಮೂಲಿ ಬಿಎಸ್ಸಿ ಓದೋ ಮಕ್ಕಳನ್ನ ಪಿಎಂಎಸ್‌ಎಸ್‌ನಿಂದ ಹೊರಗಿಟ್ಟಿರೋದೂ ತಪ್ಪು, ಹಳ್ಳಿ ಪಕ್ಕದ ಸರ್ಕಾರಿ ಡಿಗ್ರಿ ಕಾಲೇಜಿಗೆ ಹೋಗೋ ಮಗಳೂ ಸೈನಿಕನ ಮಗಳೇ. ಹವಾಲ್ದಾರ್‌ಗಿಂತ ಮೇಲೆ ಸುಬೇದಾರ್ ಆಗಿ ರಿಟೈರ್ ಆದವರ ಮಕ್ಕಳಿಗೆ ಎಜುಕೇಶನ್ ಗ್ರಾಂಟಿನ ಆ 2,000 ಇಲ್ಲ ಅನ್ನೋದನ್ನೂ ನೋಡಬೇಕು.

ಸಂಪಾದಕರೇ, ನಿಮ್ಮ ಹತ್ತಿರ ಒಂದು ಕೋರಿಕೆ. ಸಿಇಟಿ ಸೀಟ್ ಹಂಚಿಕೆ ಮುಗಿದು ಕಾಲೇಜು ಶುರುವಾಗೋ ಹೊತ್ತಿಗೆ, ಎಂಟು ಸಾಲಿನ ಪ್ರಕಟಣೆ ಬದಲು, ಯಾರು ಹಾಕಬಹುದು, ಯಾವ ಕಾಗದ ಬೇಕು, ಕೊನೇ ದಿನ ಯಾವುದು, ಯಾವ ಆಫೀಸಿಗೆ ಹೋಗಬೇಕು ಅನ್ನೋದನ್ನ ಅರ್ಧ ಪುಟದಲ್ಲಿ ಹಾಕಿ, ಜಿಲ್ಲಾವಾರು ಫೋನ್ ನಂಬರ್ ಸಮೇತ. ಅದನ್ನ ಜೆರಾಕ್ಸ್ ಮಾಡಿಸಿ ನಮ್ಮ ತಾಲ್ಲೂಕಿನ ಪಿಯು ಕಾಲೇಜು, ಡೈರಿ, ಸೊಸೈಟಿ ಬೋರ್ಡಿಗೆ ಅಂಟಿಸೋ ಕೆಲಸ ನಮ್ಮ ಮಾಜಿ ಸೈನಿಕರು ಮಾಡ್ತೀವಿ.

ಇತಿ,
ಒಬ್ಬ ಮಾಜಿ ಹವಾಲ್ದಾರ್
ಹಾಸನ ಜಿಲ್ಲೆ